ಹರಾಜುದಾರರು ಮನೆ ಕೊಂಡ ಬಗೆ

ಇಪ್ಪತ್ತೆರಡು ವರ್ಷ ಊರಿನ ಹಳೇ ಮಂಚ, ಮೇಜು, ಗಡಿಯಾರಗಳನ್ನು ಕೂಗಿ ಕೂಗಿ ಮಾರಿದ ಮನುಷ್ಯನಿಗೆ ತನಗೊಂದು ಮನೆ ಕೊಳ್ಳುವುದು ಯಾವ ಮಹಾ ಕೆಲಸ ಎಂದು ನೀವು ಕೇಳಬಹುದು. ಹರಾಜುದಾರರೂ ಹಾಗೆಯೇ ಅಂದುಕೊಂಡಿದ್ದರು. ಅವರ ಹೆಂಡತಿ ಅಂದುಕೊಂಡಿರಲಿಲ್ಲ. (ಆಕೆಗೂ ಆ ಮನುಷ್ಯನ ಜೊತೆ ಇಪ್ಪತ್ತೆರಡು ವರ್ಷದ ಅನುಭವವಿತ್ತು.)

ಅವರಿದ್ದದ್ದು ಮಹಾನಗರದ ನಟ್ಟನಡುವಿನ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ. ಕೆಳಗೆ ಟೈರ್ ಅಂಗಡಿ, ಎದುರಿಗೆ ಬಸ್ ನಿಲ್ದಾಣ, ನೆತ್ತಿಯ ಮೇಲೆ ಬೆಳಗಾದರೆ ಕುರ್ಚಿ ಎಳೆದಾಡುವ ಒಂದು ಸಂಸಾರ. ಹೆಂಡತಿ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದರು. ದಿನವಿಡೀ ಊರವರಿಗೆಲ್ಲ ‘ಶ್!’ ಅಂದು ಬಂದರೆ ಮನೆಯಲ್ಲಿ ಆ ಮಾತಿಗೆ ಕವಡೆ ಕಿಮ್ಮತ್ತಿರಲಿಲ್ಲ. ಊಟಕ್ಕೆ ಕೂತ ಹರಾಜುದಾರರು “ಉಪ್ಪು!” ಎಂದರೆ ಟೈರ್ ಅಂಗಡಿಯವನು ಬೆಚ್ಚಿಬಿದ್ದು ಮೇಲೆ ನೋಡುತ್ತಿದ್ದ.

“ಒಂದನೇ ಸಲಕ್ಕೇ ಕೊಡ್ತೀನಿ ಕಣ್ರೀ, ಮೂರನೇ ಸಲದ ತನಕ ಕೂಗಬೇಡಿ,” ಎನ್ನುತ್ತಿದ್ದರು ಹೆಂಡತಿ.

ಒಂದು ದಿನ ಆಕೆ ಸೌಟು ಕೆಳಗಿಟ್ಟು ತೀರ್ಮಾನ ಹೇಳಿಯೇಬಿಟ್ಟರು. “ಇನ್ನು ನನ್ನ ಕೈಲಾಗಲ್ಲ. ಊರ ಹೊರಗೆ ಒಳ್ಳೇ ಬಡಾವಣೆ ನೋಡಿ ಒಂದು ಮನೆ ತಗೊಳ್ಳೋಣ. ಸಾವಿರಾರು ಪುಸ್ತಕ ಮಂದಿಗೆ ಎತ್ತಿ ಕೊಟ್ಟಿದ್ದೀನಿ, ನೆಮ್ಮದಿಯಾಗಿ ಕೂತು ಒಂದನ್ನಾದ್ರೂ ಓದಿ ಮುಗಿಸಿಲ್ಲ.”

“ಅದಕ್ಕೇನಂತೆ! ಕೊಳ್ಳೋದು, ಮಾರೋದು ಎಲ್ಲಾ ನನಗೆ ಬಿಡು.”

“ಮಾರೋದು ನಿಮಗೆ ಗೊತ್ತು. ಕೊಳ್ಳೋದನ್ನ ನಾನಿನ್ನೂ ನೋಡಿಲ್ಲ.”

ಹೀಗೆ ಶುರುವಾಯಿತು ದಿಗ್ವಿಜಯ ಯಾತ್ರೆ. ಪ್ರತಿ ಭಾನುವಾರ ಒಂದು ಬಡಾವಣೆ. ಪ್ರತಿ ಬಡಾವಣೆಗೂ, ಗುಣದೋಷ ಗುರುತು ಹಾಕಿಕೊಳ್ಳಲು, ಹೆಂಡತಿಯ ಕೈಲೊಂದು ಗ್ರಂಥಾಲಯದ ಕಾರ್ಡು. ಮೊದಲನೆಯದರಲ್ಲಿ ಜಾಹೀರಾತಿನ ಪ್ರಕಾರ ಮನೆಯಿಂದಲೇ ಕೆರೆ ಕಾಣುತ್ತಿತ್ತು. ಕಾಣುತ್ತಿತ್ತು ನಿಜ, ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತವರಿಗೆ. ಇನ್ನೊಂದು ರೈಲು ನಿಲ್ದಾಣದಿಂದ ಹತ್ತೇ ನಿಮಿಷ. (ಯಾರ ಕಾಲಿನಲ್ಲಿ ಎಂದು ದಲ್ಲಾಳಿ ಹೇಳಿರಲಿಲ್ಲ, ಇವರ ಕಾಲಿಗೆ ಐವತ್ತಾಯಿತು.) ಮತ್ತೊಂದರ ಗೇಟಿನಲ್ಲಿ ನಿಯಮಗಳ ಫಲಕವಿತ್ತು: ಬಟ್ಟೆ ಮುಂದೆ ಒಣಹಾಕಬಾರದು, ಬೈಸಿಕಲ್ ಒರಗಿಸಬಾರದು, ಗುಂಪಾಗಿ ನಿಲ್ಲಬಾರದು. “ಉಸಿರಾಡೋಕೆ ಅರ್ಜಿ ಹಾಕ್ಬೇಕೇನೋ,” ಎಂದರು ಹರಾಜುದಾರರು. ಫಲಕದ ಹಿಂದಿನಿಂದ ಒಬ್ಬರು ತಲೆ ಹಾಕಿ, ಜೋರಾಗಿ ಮಾತಾಡಬಾರದೆಂಬುದು ಒಂಬತ್ತನೇ ನಿಯಮ ಎಂದು ತಿಳಿಸಿದರು.

ಆರನೆಯದರಲ್ಲಿ ಜನ ಬಹಳ ಒಳ್ಳೆಯವರು. ಎಷ್ಟು ಒಳ್ಳೆಯವರೆಂದರೆ ಹತ್ತು ನಿಮಿಷದೊಳಗೆ ಹೆಂಡತಿಯ ತವರಿನ ಪುರಾಣ, ಹರಾಜುದಾರರ ಸಂಬಳ, ಮಂಡಿನೋವು ಎಲ್ಲವನ್ನೂ ಬಾಯಿ ಬಿಡಿಸಿದರು. ಮನೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲಿ ಚೆನ್ನಾಗಿತ್ತು. ಹೆಂಡತಿ ಕಾರ್ಡಿನ ಮೇಲೆ ಅಡ್ಡಗೆರೆ ಎಳೆದರು.

ಹತ್ತನೇ ಭಾನುವಾರ ಸಿಕ್ಕಿತು ನೋಡಿ ಆ ಮನೆ. ನಿವೃತ್ತ ಗಣಿತದ ಮೇಷ್ಟ್ರೊಬ್ಬರದು. ಸಣ್ಣ ಬೀದಿ, ಎರಡೂ ಕಡೆ ಮರ, ಬಸ್ಸು ಹತ್ತಿರ, ಬಸ್ಸಿನ ಸದ್ದು ದೂರ. ಮುಂಗೋಣೆಯ ಕಿಟಕಿಗೆ ಕಾಲು ನೀಡಿ ಕೂರುವಷ್ಟು ಅಗಲದ ಕಟ್ಟೆ. ಹೆಂಡತಿ ಅದರ ಮೇಲೆ ಕೂತರು. ಅಲ್ಲಿ ಬಿದ್ದಿದ್ದ ಬಿಸಿಲಿಗೆ ಕಾಲು ನೀಡಿ, ಓದಲು ಕೂತವರ ಹಾಗೆ ಗೋಡೆಗೆ ಒರಗಿದರು.

“ರೀ,” ಎಂದರು ಆಕೆ. ಕಣ್ಣು ಒದ್ದೆಯಾಗಿತ್ತು. “ಇದೇ ರೀ. ಇನ್ನೊಂದು ನೋಡೋದು ಬೇಡ.”

ಮೇಷ್ಟ್ರು ಹೇಳಿದ್ದು ನಲವತ್ತು ಲಕ್ಷ. ಬ್ಯಾಂಕಿನ ಸಾಲ, ಇಬ್ಬರ ಉಳಿತಾಯ ಎಲ್ಲ ಗುಡಿಸಿ ಗುಡ್ಡೆ ಹಾಕಿದರೆ ಇವರ ಕೈಲಾಗುವುದು ನಲವತ್ತಮೂರು. ಅದರ ಮೇಲೆ ಚಿಕ್ಕಾಸಿಲ್ಲ. ಇನ್ನೇನು ಮಾತು ಮುಗಿಯಬೇಕು, ಅಷ್ಟರಲ್ಲಿ ಶನಿ ವಕ್ಕರಿಸಿದ ಹಾಗೆ ಒಬ್ಬ ಹಲ್ಲಿನ ಡಾಕ್ಟರು ಹೆಂಡತಿ ಸಮೇತ ಒಳಗೆ ಬಂದರು. ಅವರಿಗೂ ಮನೆ ಹಿಡಿಸಿತು. ಮೇಷ್ಟ್ರು ಪಾಪ, ಯಾರಿಗೂ ಇಲ್ಲ ಅಂದು ಅಭ್ಯಾಸವಿಲ್ಲದವರು. “ನೀವು ನೀವೇ ಮಾತಾಡ್ಕೊಳ್ಳಿ,” ಎಂದು ಮೇಜಿನ ಹಿಂದೆ ಕೂತುಬಿಟ್ಟರು.

“ನಲವತ್ತೊಂದು,” ಎಂದರು ಡಾಕ್ಟರು.

“ನಲವತ್ತೆರಡು,” ಎಂದರು ಹರಾಜುದಾರರು.

ಡಾಕ್ಟರು ಹೆಂಡತಿಯ ಮುಖ ನೋಡಿದರು, ಛಾವಣಿ ನೋಡಿದರು. “ನಲವತ್ತೆರಡೂವರೆ. ಇದೇ ನಮ್ಮ ಕೊನೇ ಮಾತು. ಇದರ ಮೇಲೆ ಆಗಲ್ಲ,” ಎಂದವರೇ ಬಾಗಿಲ ಬಳಿ ಹೋಗಿ ಶೂ ಹಾಕಿಕೊಳ್ಳತೊಡಗಿದರು.

ಇನ್ನು ಬೇಕಾಗಿದ್ದದ್ದು ಒಂದೇ ಮಾತು. ‘ನಲವತ್ತಮೂರು’ ಎಂದು ಮೆಲ್ಲಗೆ ಹೇಳಿದ್ದರೆ ಕಿಟಕಿಕಟ್ಟೆ ಹೆಂಡತಿಯದಾಗುತ್ತಿತ್ತು. ಆದರೆ ಕೋಣೆಯ ತುಂಬ ಮೌನ, ಎದುರಿಗೊಂದು ಮೇಜು, ಬೆಲೆಯೊಂದು ಗಾಳಿಯಲ್ಲಿ ನಿಂತಿದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಹರಾಜುದಾರರ ಬೆನ್ನು ತಾನಾಗಿ ನೆಟ್ಟಗಾಯಿತು, ಎಡಗೈ ಸೊಂಟಕ್ಕೆ ಹೋಯಿತು, ಎದೆಯೊಳಗಿಂದ ಆ ದನಿ ಎದ್ದಿತು.

“ನಲವತ್ತೆರಡೂವರೆ! ಮರದ ನೆರಳಿನ ಮನೆ, ಗಟ್ಟಿ ಗೋಡೆ, ಬರೀ ನಲವತ್ತೆರಡೂವರೆ! ಹಿಂದೆ ಕೂತಿರೋ ತಾಯಿ, ನೀವೇನಂತೀರಿ?”

ಹಿಂದೆ ಕೂತಿದ್ದ ತಾಯಿ ಅವರ ಸ್ವಂತ ಹೆಂಡತಿ. ಆಕೆ ಮಿಕಮಿಕ ನೋಡಿದರು. ಆಮೇಲೆ, ಗಂಡನಿಗೆ ತಲೆ ಕೆಟ್ಟರೂ ಮನೆ ಕೆಡಬಾರದೆಂದು, ಗ್ರಂಥಾಲಯದ ದನಿಯಲ್ಲಿ “ನಲವತ್ತಮೂರು” ಎಂದರು.

“ನಲವತ್ತಮೂರು! ಶಹಬಾಸ್!” ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಡಾಕ್ಟರ ಒಂದು ಕಾಲಿಗೆ ಶೂ ಬಂದಾಗಿತ್ತು. “ಏನು ಡಾಕ್ಟ್ರೇ, ಹಲ್ಲು ಅರ್ಧ ಕಿತ್ತು ಪೇಷಂಟನ್ನ ಮನೆಗೆ ಕಳಿಸ್ತೀರಾ? ಜೊತೆಗೆ ಬಂದಿರೋ ಅಮ್ಮಾವ್ರ ಮುಖ ಒಂದು ಸಲ ನೋಡಿ ಸ್ವಾಮಿ! ಈ ಬೀದಿಯಲ್ಲಿ ಇಂಥ ಮನೆ ಇನ್ನೊಂದು ಹುಟ್ಟೋದುಂಟಾ?”

ಅಮ್ಮಾವ್ರ ಮುಖ ಕೆಂಪಾಯಿತು. “ನಲವತ್ತನಾಲ್ಕು!” ಎಂದು ಆಕೆಯೇ ಕೂಗಿದರು. ಶೂ ಹಾಕಲು ಬಗ್ಗಿದ್ದ ಡಾಕ್ಟರು ಯಾರು ಕೂಗಿದರೆಂದು ಗೊತ್ತಾಗದೆ ರೋಷದಿಂದ “ನಲವತ್ತೈದು!” ಎಂದರು.

ಹರಾಜುದಾರರ ಹೆಂಡತಿಗೆ ಈಗ ದನಿಯೇ ಹೊರಡಲಿಲ್ಲ. ಬೇಡ, ಸಾಕು, ನಿಮ್ಮ ದಮ್ಮಯ್ಯ, ಬಾಯಿ ಮುಚ್ಚಿ ಎಂಬುದನ್ನೆಲ್ಲ ಸೇರಿಸಿ ಜೋರಾಗಿ ಅಡ್ಡಡ್ಡ ತಲೆಯಾಡಿಸಿದರು. ಆದರೆ ಹರಾಜಿನಲ್ಲಿ ಅಡ್ಡಡ್ಡ ತಲೆಯಾಡಿಸಿದರೆ ಅರ್ಥ ಒಂದೇ.

“ತಾಯಿ ಕೈಬಿಟ್ಟರು! ನಲವತ್ತೈದು, ಒಂದನೇ ಸಲ! ಎರಡನೇ ಸಲ!” ಹರಾಜುದಾರರು ಮೇಷ್ಟ್ರ ಮೇಜಿನ ಮೇಲೆ ಅಂಗೈ ಅಪ್ಪಳಿಸಿದರು. “ಮೂರನೇ ಸಲ! ಡಾಕ್ಟರಿಗೆ!”

ಆ ಏಟಿನ ಸದ್ದಿಗೆ ಅವರಿಗೇ ಎಚ್ಚರವಾಯಿತು. ಮೇಷ್ಟ್ರು ಆನಂದಬಾಷ್ಪ ಒರೆಸಿಕೊಳ್ಳುತ್ತ ಕೈಮುಗಿದರು. ಡಾಕ್ಟರು ಒಂದೇ ಶೂನಲ್ಲಿ ಕುಂಟುತ್ತ ಬಂದು ಹಸ್ತಲಾಘವ ಮಾಡಿದರು. ಹೆಂಡತಿ ಕಿಟಕಿಕಟ್ಟೆಯಿಂದ ಇಳಿದು, ಕಾರ್ಡನ್ನು ನಾಲ್ಕು ಚೂರು ಮಾಡಿ ಕೈಚೀಲಕ್ಕೆ ಹಾಕಿಕೊಂಡು ಹೊರಗೆ ನಡೆದರು.

“ಲೇ, ಬಾಯಿಗೆ ಬಂದುಬಿಡ್ತು ಕಣೇ. ಬೇಕೂಂತ ಮಾಡಿದ್ದಾ?” ಬೀದಿಯಲ್ಲಿ ಹರಾಜುದಾರರು ಹಿಂದೆ ಹಿಂದೆ ಹೋದರು. ಜೀವಮಾನದಲ್ಲಿ ಮೊದಲ ಸಲ ಅವರ ದನಿ ಸಣ್ಣಗಿತ್ತು.

“ಹೆಂಡತೀನ ತಾಯಿ ಅಂದ್ರಲ್ಲ, ಅದಕ್ಕಾದ್ರೂ ನಾಚಿಕೆ ಬೇಡ್ವಾ?”

ಆಗ ಪಕ್ಕದ ಕಾಂಪೌಂಡಿನಿಂದ ಒಬ್ಬ ಹೆಂಗಸು ಕರೆದರು. ಗಿಡಕ್ಕೆ ನೀರು ಹಾಕುತ್ತಿದ್ದವರು. “ಸ್ವಲ್ಪ ನಿಲ್ಲಿ, ಸಾರ್. ನಮ್ಮ ಮನೇನೂ ಮಾರೋದಿದೆ. ಮೇಷ್ಟ್ರ ಮನೆ, ನಮ್ಮ ಮನೆ ಎರಡನ್ನೂ ಒಬ್ಬನೇ ಮೇಸ್ತ್ರಿ ಕಟ್ಟಿದ್ದು. ಅದೇ ಅಳತೆ, ಅದೇ ಕಿಟಕಿ.”

ಹೆಂಡತಿ ಗಕ್ಕನೆ ನಿಂತರು. ಕಾಂಪೌಂಡಿನಾಚೆ ಅಂಥದ್ದೇ ಕಟ್ಟೆ, ಅದರ ಮೇಲೆ ಅಂಥದ್ದೇ ಬಿಸಿಲು. ಹರಾಜುದಾರರಿಗೆ ಹೋದ ಜೀವ ಬಂದಂತಾಯಿತು. ಹೆಂಡತಿ ಅವರ ಬಾಯಿಗೆ ಕೈ ಅಡ್ಡ ಹಿಡಿದು ತಾವೇ ಕೇಳಿದರು: “ಎಷ್ಟು ಹೇಳ್ತೀರಮ್ಮ?”

“ಬೆಳಿಗ್ಗೆ ತನಕ ನಲವತ್ತು ಅಂದ್ಕೊಂಡಿದ್ದೆ,” ಎಂದರು ಆಕೆ, ನೀರಿನ ಪೈಪನ್ನು ಇನ್ನೊಂದು ಗಿಡಕ್ಕೆ ತಿರುಗಿಸುತ್ತ. “ನಿಮ್ಮ ಯಜಮಾನ್ರು ಕೂಗಿದ್ದು ಬೀದಿಯವರಿಗೆಲ್ಲಾ ಕೇಳಿಸ್ತು. ಈಗ ಈ ಬೀದೀಲಿ ಯಾರೂ ನಲವತ್ತೈದಕ್ಕಿಂತ ಕೆಳಗೆ ಕೊಡಲ್ಲಮ್ಮ.”