ದಾಳಿಂಬೆಯ ಚಿಟ್ಟೆ, ಶಾಂತರಾಜಯ್ಯನ ಅಕ್ಕಿ

ಸ್ವಾಮಿಗಳು ಊರಿನ ಯಾರ ಮನೆಯಲ್ಲಾದರೂ ಆಹಾರ ತೆಗೆದುಕೊಳ್ಳಲಿ, ಶಾಂತರಾಜಯ್ಯನ ಮನೆಯಲ್ಲಿ ಮಾತ್ರ ತೆಗೆದುಕೊಳ್ಳಕೂಡದು. ತೆಗೆದುಕೊಳ್ಳಲು ಈ ನೇಮಿರಾಜ ಬಿಡುವುದಿಲ್ಲ. ಹೀಗೆಂದು ನಾನು ಹಿತ್ತಲಿನ ದಾಳಿಂಬೆ ಗಿಡದ ಮುಂದೆ ನಿಂತು ಶಪಥ ಮಾಡಿದೆ. ಹಿಂದಿನ ಅರಸರು ಕತ್ತಿ ಹಿಡಿದು ಶಪಥ ಮಾಡುತ್ತಿದ್ದರಂತೆ. ನನ್ನ ಕೈಯಲ್ಲಿದ್ದದ್ದು ಹೆಂಡತಿಯ ಹಳೇ ಸೀರೆಯಿಂದ ಹೊಲಿದ ಒಂದು ಚೀಲ.

ಶಪಥಕ್ಕೆ ಕಾರಣವಿದೆ. ಯುದ್ಧ ಐದನೇ ವರ್ಷಕ್ಕೆ ಕಾಲಿಟ್ಟಿದೆ. ಅಕ್ಕಿಗೆ ಕಂಟ್ರೋಲು, ಸೀಮೆಎಣ್ಣೆಗೆ ಕಂಟ್ರೋಲು, ಬಟ್ಟೆಗೆ ಕಂಟ್ರೋಲು. ಕಂಟ್ರೋಲು ಇಲ್ಲದ್ದು ಶಾಂತರಾಜಯ್ಯನ ಆಸೆಗೆ ಮಾತ್ರ. ನಮ್ಮ ಚನ್ನರಾಯಪಟ್ಟಣದ ಪೇಟೆ ಬೀದಿಯಲ್ಲಿ ಅವನ ಅಕ್ಕಿ ಮಂಡಿ. ಸುಗ್ಗಿಯಲ್ಲಿ ಗಾಡಿಗಟ್ಟಲೆ ಭತ್ತ ಒಳಗೆ ಹೋದದ್ದನ್ನು ಊರೇ ನೋಡಿದೆ. ಅದು ಹೊರಗೆ ಬಂದದ್ದನ್ನು ಯಾರೂ ನೋಡಿಲ್ಲ. ಕೇಳಿದರೆ ಒಂದೇ ಮಾತು: "ಸ್ಟಾಕಿಲ್ಲ." ಪಕ್ಕದ ಮನೆಯ ಮಾಯಮ್ಮ ಬಾಣಂತಿ ಸೊಸೆಯ ಗಂಜಿಗೆಂದು ಒಂದು ಪಾವು ಅಕ್ಕಿ ಕೇಳಲು ಹೋಗಿ ಬರೀ ಸೆರಗು ಒದರಿಕೊಂಡು ಬಂದಳು.

ನಾನು ಮೂರನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನು. ಅಂಗಡಿಯಲ್ಲಿ ಬೆಲ್ಲದ ಪೊಟ್ಟಣ ಕಟ್ಟುವ ಹಳೇ ಪತ್ರಿಕೆಗಳನ್ನೇ ಓದಿ ಓದಿ ಬರೆಯಲು ಕಲಿತವನು. ಆದರೂ ಹಾಸನದ ಒಂದು ವಾರಪತ್ರಿಕೆ ನನ್ನ ಬೈಗುಳಕ್ಕೆಂದೇ ಒಂದು ಅಂಕಣ ಬಿಟ್ಟುಕೊಟ್ಟಿದೆ. ಅದರಲ್ಲಿ ಬಿಟ್ಟೆ ನೋಡಿ ಬಾಣ, ವಾರದ ಮೇಲೆ ವಾರ. ಹೆಸರು ಹೇಳದೆ ಬರೆದರೂ ಊರಿಗೆ ಹೆಸರು ಗೊತ್ತಾಯಿತು. ಜನ ಅವನಿಗೆ ನಮಸ್ಕಾರ ಮಾಡುವುದನ್ನು ಬಿಟ್ಟರು. ಅವನು ಬಸದಿಗೆ ತಲೆ ತಗ್ಗಿಸಿಕೊಂಡು ಬರತೊಡಗಿದ. ಇನ್ನೊಂದು ಸಲ ಜೋರಾಗಿ ತಳ್ಳಿದ್ದರೆ ಉಗ್ರಾಣದ ಬಾಗಿಲು ತೆರೆದುಕೊಳ್ಳುತ್ತಿತ್ತು.

ಅಷ್ಟರಲ್ಲಿ ಸುದ್ದಿ ಬಂತು. ಹೊಳೆನರಸೀಪುರದ ಕಡೆ ಮಳೆಗಾಲದ ಚಾತುರ್ಮಾಸಕ್ಕೆ ನಿಂತಿರುವ ಮುನಿಗಳೊಬ್ಬರು ಅದನ್ನು ಮುಗಿಸಿ ಇತ್ತ ನಡೆದು ಬರುತ್ತಾರೆ, ಬೆಳಗೊಳಕ್ಕೆ ಹೋಗುವ ಮೊದಲು ನಮ್ಮಲ್ಲಿ ಕೆಲವು ದಿನ ತಂಗುತ್ತಾರೆ. ಅವರು ಶಾಂತರಾಜಯ್ಯನ ಮನೆಯಲ್ಲಿ ಉಂಡರೆ ನನ್ನ ಬಾಣವೆಲ್ಲ ವ್ಯರ್ಥ. ಮುನಿಗಳು ಉಂಡ ಮನೆಯ ಅಕ್ಕಿಯನ್ನು ಕಳ್ಳ ಅಕ್ಕಿ ಎನ್ನುವ ನಾಲಿಗೆ ನಮ್ಮ ಜನರಲ್ಲಿ ಇನ್ನೂ ಹುಟ್ಟಿಲ್ಲ.

ಜೈನರಲ್ಲದ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮ ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡೇ, ಬೊಗಸೆಯಲ್ಲೇ ಊಟ ಮಾಡುತ್ತಾರೆ. ಬೆಳಿಗ್ಗೆ ಬಸದಿಯಿಂದ ಹೊರಡುವಾಗ ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಳ್ಳುವುದೂ ಉಂಟು. ಬಾಗಿಲಲ್ಲಿ ಇಂಥದ್ದನ್ನು ಹಿಡಿದು ನಿಂತವರ ಮನೆಯಲ್ಲಿ ಮಾತ್ರ ಆಹಾರ. ಅದು ಏನೆಂದು ಯಾರಿಗೂ ಹೇಳುವುದಿಲ್ಲ. ಕಾಣದಿದ್ದರೆ ಹಾಗೇ ತಿರುಗಿ ಹೋಗಿ ಉಪವಾಸ. ಊಟದ ನಡುವೆ ಹುಳು ಹುಪ್ಪಟೆ ಕಂಡರೆ ಅದು ಅಂತರಾಯ. ಬೊಗಸೆ ಬಿಚ್ಚಿ ಹೊರಟುಹೋಗುತ್ತಾರೆ. ಮತ್ತೆ ಮಾರನೆಯ ದಿನವೇ.

ಆದ್ದರಿಂದ ನನ್ನ ತಂತ್ರವೆಲ್ಲ ದಾಳಿಂಬೆಯ ಮೇಲೆ ನಿಂತಿತ್ತು. ಇಡೀ ಪೇಟೆಯಲ್ಲಿ ದಾಳಿಂಬೆ ಇದ್ದದ್ದು ನನ್ನ ಹಿತ್ತಲಲ್ಲೊಂದೇ. ತೆಂಗಿನಕಾಯಿ, ಬಾಳೆಹಣ್ಣು ಎಲ್ಲರೂ ಹಿಡಿಯುತ್ತಾರೆ. ದಾಳಿಂಬೆ ಹಿಡಿಯುವವನು ನಾನೊಬ್ಬನೇ. ಮುನಿಗಳ ಗುರುತು ಅಪರೂಪದ್ದಾದರೆ ಗೆಲುವು ನನ್ನದೇ.

ದಾಳಿಂಬೆಗೆ ಇದ್ದ ಶತ್ರು ಒಂದು ಚಿಟ್ಟೆ. ನಮ್ಮ ಕಡೆ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಚಿಟ್ಟೆಗಳ ಒಂದು ಒಕ್ಕಲೇ ಇದೆ, ನೀವು ನೋಡಿರುತ್ತೀರಿ. ರೆಕ್ಕೆ ಮಡಚಿ ಕೂತರೆ ಬೂದಿ, ಬಿಚ್ಚಿ ಹಾರಿದರೆ ನೀಲಿ. ಹಿಂದಿನ ರೆಕ್ಕೆಗೆ ಕೂದಲೆಳೆಯಂಥ ಬಾಲ, ಅದರ ಬುಡದಲ್ಲಿ ಕಣ್ಣಿನಂಥ ಚುಕ್ಕೆ. ತಲೆ ಯಾವ ಕಡೆ, ಹಿಂಬದಿ ಯಾವ ಕಡೆ ಎಂದು ಹಕ್ಕಿಗೂ ತಿಳಿಯದು. ಇವು ಬೆಳೆಯುವುದೆಲ್ಲ ಪರರ ಮನೆಯಲ್ಲೇ. ಒಂದರ ಹುಳು ಅವರೆಕಾಯೊಳಗೆ ಸಂಸಾರ ಹೂಡುತ್ತದೆ. ಇನ್ನೊಂದರದು ಬೋರೆ ಎಲೆಯ ಮೇಲೆ. ಮತ್ತೊಂದರದು ಕಾಡುಬಸಳೆಯ ದಪ್ಪ ಎಲೆಯನ್ನು ಸೀಳಿಕೊಂಡು ಎರಡು ಪದರದ ನಡುವೆ ತಿಂದುಕೊಂಡೇ ಮಲಗುತ್ತದೆ. ಕಾಳು ಬಚ್ಚಿಡುವ ವರ್ತಕ ಅವರೆಕಾಯೊಳಗಿನ ಹುಳು ಎಂದು ನಾನೇ ಅಂಕಣದಲ್ಲಿ ಬರೆದು ಬೆನ್ನು ತಟ್ಟಿಸಿಕೊಂಡಿದ್ದೆ. ದಾಳಿಂಬೆಯ ಚಿಟ್ಟೆಯೂ ಇದೇ ಒಕ್ಕಲು. ಹೋದ ವರ್ಷ ಒಂದು ಹಣ್ಣನ್ನೂ ಬಿಟ್ಟಿರಲಿಲ್ಲ.

"ವಗೆಸೊಪ್ಪಿನ್ ನೀರ್ ಒಡೀರಿ ಅಣ್ಣಯ್ಯ, ಉಳ ಉದುರ್ಕೊಂಡ್ ಓಯ್ತವೆ" ಎಂದಳು ಮಾಯಮ್ಮ ಬೇಲಿಯಾಚೆಯಿಂದ.

"ಅದು ಹಿಂಸೆ ಮಾಯಮ್ಮ. ನಾವು ಕೊಲ್ಲಬಾರದು."

"ಅಂಗಾರೆ ಅದ್ಕೇ ಉಣ್ಣಾಕ್ ಬುಡಿ."

ಕೊಲ್ಲಲೂ ಬಾರದು, ಉಣ್ಣಿಸಲೂ ಬಾರದು. ಆಗ ಹೊಳೆಯಿತು ಚೀಲ. ಕಾಯಿ ನಿಂಬೆ ಗಾತ್ರಕ್ಕೆ ಬಂದ ಕೂಡಲೇ ಒಂದೊಂದಕ್ಕೂ ಒಂದೊಂದು ಬಟ್ಟೆಯ ಚೀಲ ತೊಡಿಸಿ ಬಾಯಿ ಬಿಗಿದೆ. ಚಿಟ್ಟೆ ಬಂದು ಸುತ್ತಿ, ಚೀಲಕ್ಕೆ ತಲೆ ಬಡಿದು ವಾಪಸು ಹೋಗುವುದನ್ನು ಜಗಲಿಯಲ್ಲಿ ಕೂತು ನೋಡಿ ಆನಂದಪಟ್ಟೆ. ಜಗತ್ತಿನ ಮೊದಲ ಅಹಿಂಸಾತ್ಮಕ ಕೋಟೆ!

ನನ್ನ ಹೆಂಡತಿ ಜ್ವಾಲಾಮಾಲಿನಿಗೆ ಕೋಟೆಯ ಮೇಲೆ ಗೌರವವಿರಲಿಲ್ಲ.

"ಅಂಗಡೀಲಿ ಗಜ ಬಟ್ಟೆ ಸಿಗ್ತಿಲ್ಲ. ನನ್ನ ಸೀರೆ ಹರಿದು ಹಣ್ಣಿಗೆ ಉಡಿಸಿದ್ದೀರಲ್ಲ, ಶಾಂತರಾಜಯ್ಯನೋರ ಮೇಲಿನ ಸಿಟ್ಟಿಗೆ ನಾನು ಎಷ್ಟು ತೇಪೆ ಹಾಕ್ಕೋಬೇಕು?"

"ಸಿಟ್ಟಲ್ಲ ಕಣೆ. ಧರ್ಮ."

"ಧರ್ಮ ಆಗಿದ್ರೆ ಸ್ವಾಮಿಗಳ ಹೊಟ್ಟೆ ತುಂಬಲಿ ಅಂತಿದ್ರಿ. ನೀವು ಶಾಂತರಾಜಯ್ಯನೋರ ಮನೇಲಿ ತುಂಬದಿರಲಿ ಅಂತೀರಿ."

ನಾನು ಗಿಡಕ್ಕೆ ನೀರು ಹಾಕಲು ಹೋದೆ.

ಸ್ವಾಮಿಗಳು ಬಂದರು. ತುಂಬಾ ವಯಸ್ಸಾದವರು, ಕೈಯಲ್ಲಿ ನವಿಲುಗರಿಯ ಪಿಂಛಿ, ಮೈಯಲ್ಲಿ ಎಲುಬು ಎಣಿಸಬಹುದು. ಮೊದಲ ದಿನ ಬೀದಿಯ ಬಾಗಿಲು ಬಾಗಿಲಿಗೂ ಜನ ನಿಂತರು. ಒಬ್ಬರ ಕೈಯಲ್ಲಿ ಕಬ್ಬು, ಒಬ್ಬರ ಕೈಯಲ್ಲಿ ಕಮಲದ ಹೂವು, ಶಾಂತರಾಜಯ್ಯನ ಕೈಯಲ್ಲಿ ಬೆಳ್ಳಿಯ ಕಲಶ. ನನ್ನ ಹಣ್ಣು ಇನ್ನೂ ಪೂರ್ತಿ ಕೆಂಪಾಗಿಲ್ಲ ಎಂದು ನಾನು ತೆಂಗಿನಕಾಯಿ ಹಿಡಿದಿದ್ದೆ. ಸ್ವಾಮಿಗಳು ಎಲ್ಲರನ್ನೂ ನೋಡಿಕೊಂಡು ಹೋಗಿ ಹಾಗೇ ಬಸದಿಗೆ ತಿರುಗಿದರು. ಮಾರನೆಯ ದಿನವೂ ಅಷ್ಟೇ. ಊರಲ್ಲಿ ಯಾರ ಗಂಟಲಲ್ಲೂ ಅನ್ನ ಇಳಿಯಲಿಲ್ಲ.

"ಎರಡು ದಿನದಿಂದ ನೀರೂ ಇಲ್ಲ ಆ ಮುದಿಜೀವಕ್ಕೆ" ಎಂದಳು ಜ್ವಾಲಾಮಾಲಿನಿ. "ಹಣ್ಣು ಕೆಂಪಾಗೋದು ಸಾಕು. ಕೀಳಿ."

ಮೂರನೆಯ ಬೆಳಿಗ್ಗೆ ಕಿತ್ತೆ. ಕಿತ್ತೆ ಎಂದರೆ ಸುಲಭವಾಗಿ ಅಲ್ಲ. ಜಗ್ಗಿದೆ, ತಿರುಚಿದೆ, ಹಣ್ಣು ತೊಟ್ಟನ್ನು ಬಿಡಲೊಲ್ಲದು. ಹೋದ ವಾರದ ಗಾಳಿಗೆ ನುಗ್ಗೆಯ ಕೊಂಬೆ ಮುರಿದರೂ ಈ ಹಣ್ಣು ಅಲುಗಿರಲಿಲ್ಲ.

"ನೋಡಿದೆಯಾ ಶಕ್ತಿ?" ಎಂದೆ.

ಅವಳು ಹಣ್ಣನ್ನು ಬೆಳಕಿಗೆ ಹಿಡಿದಳು. "ತೊಟ್ಟಿಗೆ ಬಿಳೀ ನೂಲು ಸುತ್ತಿದೆಯಲ್ಲ."

"ಚೀಲದ ನೂಲು."

"ಇಲ್ಲೊಂದು ತೂತು ಇದೆ. ಏನೋ ಮೆತ್ತಿ ಮುಚ್ಚಿದೆ."

"ಹೊಲಿಯುವಾಗ ಸೂಜಿ ತಾಗಿರಬೇಕು."

"ನಾನು ಇದನ್ನು ಅಡುಗೆಗೆ ಮುಟ್ಟಲ್ಲ" ಎಂದು ಅವಳು ಕಡ್ಡಿ ಮುರಿದ ಹಾಗೆ ಹೇಳಿದಳು. ಆಗಲಿ, ಕಲಶದ ಮೇಲೆ ತೆಂಗಿನಕಾಯಿಯ ಜಾಗದಲ್ಲಿ ದಾಳಿಂಬೆ ಕೂತರೆ ಸಾಕು ಎಂದು ನಾನೂ ಒಪ್ಪಿದೆ.

ಸ್ವಾಮಿಗಳು ಬಂದರು. ನಡಿಗೆ ಹಿಂದಿನ ದಿನದ ಹಾಗಿರಲಿಲ್ಲ, ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಶಾಂತರಾಜಯ್ಯನ ಬೆಳ್ಳಿ ಕಲಶವನ್ನು ದಾಟಿದರು. ನನ್ನ ಬಾಗಿಲಿಗೆ ಬಂದು, ದಾಳಿಂಬೆ ನೋಡಿ, ನಿಂತೇಬಿಟ್ಟರು. ನನಗೆ ಬೀದಿಯಲ್ಲೇ ಕುಣಿಯುವಂತಾಯಿತು. ಮೂರು ಸುತ್ತು ಬಂದು, "ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ಜಲ ಶುದ್ಧ" ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿ ಒಳಗೆ ಕರೆದುಕೊಂಡು ಹೋದೆ. ಜನ ಹಿಂದೆಯೇ ನುಗ್ಗಿದರು. ಅವರ ಮುಂದೆ ಶಾಂತರಾಜಯ್ಯ.

ಪಾದ ತೊಳೆದು ಪೂಜೆ ಮಾಡುವಾಗ ಕಲಶದ ಮೇಲೆ ಬೂದಿಬಣ್ಣದ್ದೇನೋ ಅಲ್ಲಾಡಿದಂತಾಯಿತು. ಮಾವಿನೆಲೆಯ ಒಣಚೂರು ಎಂದುಕೊಂಡೆ. ಬಿಸಿನೀರು ಆಯಿತು. ಎರಡು ತುತ್ತು ಅನ್ನ ತೊವ್ವೆ ಆಯಿತು. ಆಮೇಲೆ ಹಾಲಿನ ಚೊಂಬು ನನ್ನ ಕೈಗೆ ಬಂತು. ನನ್ನ ಕಣ್ಣು ಚೊಂಬಿನ ಮೇಲೆ ಇರಬೇಕಿತ್ತು. ಶಾಂತರಾಜಯ್ಯನ ಮುಖದ ಮೇಲಿತ್ತು. ಆ ಸುಟ್ಟ ಬದನೆಕಾಯಿಯಂಥ ಮುಖವನ್ನು ಸವಿಯುತ್ತ ಸವಿಯುತ್ತ ಹಾಲು ಸುರಿದೆ.

"ಅಯ್ಯೋ, ನಿಲ್ಸಿ" ಎಂದಳು ಜ್ವಾಲಾಮಾಲಿನಿ.

ಬೊಗಸೆಯ ಹಾಲಿನಲ್ಲಿ ಒಂದು ಚಿಟ್ಟೆ ಇತ್ತು. ಹೊಸದು, ಆಗತಾನೇ ಹಣ್ಣಿನೊಳಗಿಂದ ಹೊರಬಂದು, ರೆಕ್ಕೆ ಒಣಗಿಸಿಕೊಂಡು, ಮೊದಲ ಸಲ ಹಾರಿ, ನೇರ ಚೊಂಬಿಗೆ ಬಿದ್ದಿತ್ತು. ನೀಲಿ ರೆಕ್ಕೆ ಒಮ್ಮೆ ಮಿಡುಕಿ ನಿಂತಿತು. ಸ್ವಾಮಿಗಳು ಅದನ್ನು ನೋಡಿದರು. ನನ್ನನ್ನು ನೋಡಲಿಲ್ಲ. ಬೊಗಸೆ ಬಿಚ್ಚಿತು. ಹಾಲು, ಚಿಟ್ಟೆ ಎರಡೂ ಕೆಳಗೆ ಬಿದ್ದವು. ಗೋಡೆಗೆ ಒಂದು ಕೈ ಊರಿ, ಬಾಯಿ ತೊಳೆದು, ಅವರು ಹೊರಟುಹೋದರು.

ಜನವೂ ಹೋದ ಮೇಲೆ ಹಿತ್ತಲಿಗೆ ಹೋಗಿ ಎಲ್ಲ ಚೀಲವನ್ನೂ ಬಿಚ್ಚಿ ಎಲ್ಲ ಹಣ್ಣನ್ನೂ ಸೀಳಿದೆ. ಒಂದೊಂದರಲ್ಲೂ ಹುಳು, ಕೆಲವುಗಳಲ್ಲಿ ಕೂಡುಕುಟುಂಬವೇ. ಆಗ ಗೊತ್ತಾಯಿತು ನನಗೆ ಇವುಗಳ ವಾಸದ ಮರ್ಮ. ತಾಯಿಚಿಟ್ಟೆ ಮೊಟ್ಟೆ ಇಟ್ಟದ್ದು ಹೂವಿನಲ್ಲಿ. ನಾನು ಚೀಲ ಕಟ್ಟುವ ಮೊದಲೇ ಮರಿ ಒಳಗೆ ಸೇರಿ, ತೂತನ್ನು ತನ್ನ ಹಿಂಬದಿಯಿಂದಲೇ ಮುಚ್ಚಿ ಕೂತಿದೆ. ತಾನಿರುವ ಮನೆ ಬಿದ್ದುಹೋಗದಿರಲಿ ಎಂದು ಹೊರಗೆ ಬಂದು ಹಣ್ಣನ್ನು ತೊಟ್ಟಿಗೆ ನೂಲಿನಿಂದ ಬಿಗಿದೂ ಇದೆ. ನಾನು ಶಕ್ತಿ ಎಂದು ಮೆರೆದದ್ದು ಹುಳುವಿನ ನೂಲಿಗೆ. ಶತ್ರುವನ್ನು ಒಳಗಿಟ್ಟು ಕೋಟೆ ಕಟ್ಟಿ, ಬಿಸಿಲು ಮಳೆ ಹಕ್ಕಿ ಯಾವುದೂ ತಾಗದ ಹಾಗೆ ನನ್ನ ಹೆಂಡತಿಯ ಸೀರೆಯಲ್ಲೇ ತೊಟ್ಟಿಲು ಕಟ್ಟಿ ಸಾಕಿದ್ದೆ.

ಬೇಲಿಯಾಚೆ ಮಾಯಮ್ಮ ನಿಂತಿದ್ದಳು. "ಉಳ ಬಿದ್ದಿರದ್ನ ಬಿಸಾಕ್ಬೇಡಿ ಅಣ್ಣಯ್ಯ, ಇಲ್ಲಿ ಕೊಡಿ. ಅದು ತಿಂದಿರಾದು ಅರ್ಧ ತಾನೇ."

ಕೊಟ್ಟೆ. ಆ ದಿನ ಸಫಲವಾದ ನನ್ನ ದಾನ ಅದೊಂದೇ.

ನಾಲ್ಕನೆಯ ಬೆಳಿಗ್ಗೆ ನಾನು ಏನನ್ನೂ ಹಿಡಿದು ನಿಲ್ಲಲಿಲ್ಲ. ಹಿಡಿಯುವ ಮುಖವಿರಲಿಲ್ಲ. ಬೀದಿಯ ತುದಿಯಲ್ಲಿ ಸ್ವಾಮಿಗಳು ಕಾಣಿಸಿಕೊಂಡರು. ಒಂದು ಮನೆಯ ಜಗಲಿಯ ಕಂಬ ಹಿಡಿದು ನಿಂತು ಸುಧಾರಿಸಿಕೊಂಡರು. ಕಬ್ಬು ದಾಟಿದರು. ಕಮಲ ದಾಟಿದರು. ಇನ್ನು ಉಳಿದದ್ದು ಮಂಡಿಯ ಮನೆ ಒಂದೇ.

ಅಲ್ಲಿ ಶಾಂತರಾಜಯ್ಯ ಬೆಳ್ಳಿ ಕಲಶ ಬಿಟ್ಟಿದ್ದ. ಅವನ ಕೈಯಲ್ಲಿ ಒಂದು ಕೊಳಗ. ಕೊಳಗದ ತುಂಬ, ಗೋಪುರವಾಗಿ, ಚೆಲ್ಲುವ ಹಾಗೆ ಬಿಳೀ ಅಕ್ಕಿ. ಈ ವರ್ಷ ಆ ಬೀದಿಯಲ್ಲಿ ಅಷ್ಟು ಅಕ್ಕಿ ಒಟ್ಟಿಗೆ ಹಿಡಿದು ನಿಲ್ಲಬಲ್ಲವನು ಇನ್ನೊಬ್ಬನಿರಲಿಲ್ಲ. ಅಕ್ಕಿ ಎಲ್ಲಿ, ಎಲ್ಲಿ ಎಂದು ನಾನು ವಾರಗಟ್ಟಲೆ ಕೇಳಿದ್ದಕ್ಕೆ ಅವನೇ ತನ್ನ ಬಾಗಿಲಲ್ಲಿ, ಹಗಲು ಬೆಳಕಿನಲ್ಲಿ, ಎರಡೂ ಕೈಯಲ್ಲಿ ಉತ್ತರ ಹಿಡಿದು ನಿಂತಿದ್ದ.

ಸ್ವಾಮಿಗಳು ಅದನ್ನು ನೋಡಿ ನಿಂತರು.

ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತೇನೆ. ಜನರೊಂದಿಗೆ ನಾನೂ ಆ ಮನೆಯೊಳಗೆ ಹೋದೆ. ಒಂದೊಂದು ತುತ್ತು ಆ ಬೊಗಸೆಗೆ ಬಿದ್ದಾಗಲೂ ಇನ್ನೊಂದು, ಇನ್ನೊಂದು ಎಂದು ಬೇಡಿಕೊಂಡೆ. ಹಾಲು ಬಂದಾಗ ಚೊಂಬಿನೊಳಗೆ ಬಗ್ಗಿ ನೋಡಿದವನು ನಾನೇ. ಊಟ ಅಂತರಾಯವಿಲ್ಲದೆ ಮುಗಿಯಿತು. ನನಗೆ ತಿಳಿಯದೆಯೇ ಮುಂದೆ ಹೋಗಿ ಕೈ ಜೋಡಿಸಿ ನಿಂತಿದ್ದೆ.

"ಬನ್ನಿ ನೇಮಿರಾಜಯ್ಯನೋರೆ" ಎಂದ ಶಾಂತರಾಜಯ್ಯ, ತಲೆ ಎತ್ತಿಕೊಂಡು. ಬೀದಿಯವರೆಲ್ಲ ಅವನಿಗೆ ನಮಸ್ಕಾರ ಮಾಡುತ್ತಿದ್ದರು.

ಹೊರಗೆ ಮಾಯಮ್ಮ ಸಿಕ್ಕಳು. "ಅಕ್ಕಿ ಇದೆ ಮಾಯಮ್ಮ, ಎಲ್ಲರೂ ನೋಡಿದ್ದಾರೆ. ಹೋಗಿ ಈಗ ಕೇಳು" ಎಂದೆ.

"ಸಾಮಿಗೋಳೇ ಉಂಡವ್ರೆ. ಇನ್ನು ಅಂಥ ಮನೆಯೋರ್ನ ಯಾವ್ ಬಾಯಲ್ ಕೇಳ್ಲಿ ಕಣಣ್ಣಯ್ಯ?" ಎಂದು ಅವಳು ಹೊರಟುಹೋದಳು.

ಮನೆಗೆ ಬಂದವನೇ ರೋಷದಿಂದ ಕಾಗದ ಲೇಖನಿ ತೆಗೆದೆ.

"ಏನು ಬರೀತೀರಿ?" ಎಂದಳು ಜ್ವಾಲಾಮಾಲಿನಿ.

"ಶಾಂತರಾಜಯ್ಯನ ಮನೆಯಲ್ಲಿ ಅಕ್ಕಿ ಇದೆ ಅಂತ."

"ಅದನ್ನು ಊರೆಲ್ಲ ನೋಡಿ ಕೈ ಮುಗೀತಲ್ಲ" ಎಂದಳು ಅವಳು. "ಎಲ್ಲರಿಗಿಂತ ಮುಂದೆ ನಿಂತು ಮುಗಿದೋರು ಯಾರು ಅನ್ನೋದನ್ನೂ ಬರೀರಿ."