ಕ್ಯಾತೆ ಯಾವ ಸೀಮೆಯದು?

ನಮ್ಮ ಹನೂರು, ಕೊಳ್ಳೇಗಾಲದ ಕಡೆ ಮಳೆ ಬೇಕಾದರೆ ಕೈಕೊಡುತ್ತದೆ, ಕ್ಯಾತೆ ಕೈಕೊಡುವುದಿಲ್ಲ. ಜಗಳಕ್ಕೆ ಒಂದು ಕಾರಣವಿರುತ್ತದೆ. ಕ್ಯಾತೆ ಹಾಗಲ್ಲ, ಅದು ಮೊದಲು ಶುರುವಾಗುತ್ತದೆ, ಕಾರಣವನ್ನು ಆಮೇಲೆ ಹುಡುಕಿಕೊಳ್ಳುತ್ತಾರೆ. ಕೌದಳ್ಳಿಯಲ್ಲಿ ಮೇಷ್ಟ್ರಾಗಿದ್ದ ನನಗೆ ಇದು ಸರಿಯಾಗಿ ಅರ್ಥವಾದದ್ದು ಅಕ್ಕನ ಮಗಳ ಮದುವೆಯಲ್ಲಿ. ಆಗ ಹನೂರು ಮದರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಹುಡುಗಿ ಹನೂರಿನವಳು, ಹುಡುಗ ಯಳಂದೂರಿನವನು.

೧. ತಳ್ಳುವ ಬಸ್ಸು

ಇದ್ದಿಲು ಉರಿಸಿ ಬಸ್ಸು ಓಡಿಸುತ್ತಿದ್ದ ಕಾಲ. ಏರು ಬಂದರೆ ಬಸ್ಸು ನಿಲ್ಲುತ್ತಿತ್ತು, ಜನ ಇಳಿದು ತಳ್ಳುತ್ತಿದ್ದರು. ನನ್ನ ಭಾವ, ಅಂದರೆ ಹುಡುಗಿಯ ಅಪ್ಪ, ಕೊಳ್ಳೇಗಾಲದಿಂದ ಬರುತ್ತಿದ್ದ. ಬಸ್ಸು ನಿಂತಾಗ ಹಿಂದೆ ಕೂತಿದ್ದ ದಪ್ಪ ಮೀಸೆಯವರೊಬ್ಬರು, "ಮುಂದ್ಲ ಸೀಟ್ನೋರು ಮೊದ್ಲು ತಳ್ಳಬೇಕು" ಅಂದರಂತೆ.

ಭಾವ ಬಿಡುತ್ತಾನೆಯೇ? "ಬಸ್ ತಳ್ಳೋದು ಹಿಂದ್ಗಡೆಯಿಂದ ಕಣ್ರಿ. ಹಿಂದ್ಲೋರೇ ತಳ್ಳಬೇಕು."

ಇಬ್ಬರೂ ರಸ್ತೆಗಿಳಿದು ನ್ಯಾಯ ಶುರುಮಾಡಿದರು. ಉಳಿದವರು ತಳ್ಳಿದರು, ಹತ್ತಿದರು, ಬಸ್ಸು ಹೊರಟೇ ಹೋಯಿತು. ಇವರಿಬ್ಬರೂ ವಾದ ಮಾಡುತ್ತಲೇ ನಡೆದು ಬಂದರು. ನಾವು ಮನೆಯಲ್ಲಿ ಹುಡುಗನ ಅಪ್ಪನಿಗಾಗಿ ಕಾಯುತ್ತಿದ್ದರೆ, ಭಾವ ಬೆವರು ಸುರಿಸುತ್ತಾ ಒಳಗೆ ಬಂದ. "ಏ ಇವಳೇ, ಈ ಆಸಾಮಿಗೆ ನೀರು ಕೊಡು. ನ್ಯಾಯ ಇನ್ನೂ ಮುಗಿದಿಲ್ಲ."

ಮೀಸೆಯವರು ನೀರು ಕುಡಿದು ಕೇಳಿದರು: "ಯಳಂದೂರಿಂದ ಹೆಣ್ಣು ನೋಡಕ್ಕೆ ಬಂದಿದ್ದೆ. ಆ ಮನೆ ಯಾವ್ದು?"

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು, "ಇದೇಯ" ಅಂದಳು. ಮೀಸೆಯವರು ಸುತ್ತಲೂ ನೋಡಿದರು, ಹುಡುಗಿಯನ್ನೂ ನೋಡಿದರು. "ಸಂಬಂಧ ಒಪ್ಪಿಗೆ ಐತೆ ಕಣ್ರಿ. ಆದ್ರೂ ಮುಂದ್ಲ ಸೀಟ್ನೋರೇ ತಳ್ಳಬೇಕಿತ್ತು."

೨. ಮೊದಲ ವೀಳ್ಯ

ನಿಶ್ಚಿತಾರ್ಥದ ದಿನ ಮೊದಲ ವೀಳ್ಯ ಯಾರಿಗೆ ಎಂಬ ಪ್ರಶ್ನೆ ಎದ್ದಿತು. ಮನೆ ಯಜಮಾನನಿಗೆ ಎಂದು ಭಾವ, ಗಂಡಿನ ಕಡೆಗೆ ಎಂದು ಬೀಗರು. ನಾನು ಓದಿದವನಲ್ಲವೇ, ಬುದ್ಧಿ ಉಪಯೋಗಿಸಿ ಎರಡೂ ಕೈಯಲ್ಲಿ ಒಂದೇ ಸಲ ಇಬ್ಬರಿಗೂ ನೀಡಿದೆ.

ಬೀಗರು ಮುಟ್ಟಲಿಲ್ಲ. "ಎಡಗೈ ಯಾರ ಕಡೀಕೈತೆ, ನೋಡ್ಕಳಿ ಮೇಷ್ಟ್ರೇ."

ಸರಿ, ಒಬ್ಬರಿಗೆ ನಾನು, ಇನ್ನೊಬ್ಬರಿಗೆ ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ನೋರು ಕೊಡುವುದು ಎಂದಾಯಿತು. "ಬೀಗ್ರಿಗೆ ಅಯ್ನೋರ ಕೈಯಿಂದ, ನಂಗೆ ಬಾಮೈದನ ಕೈಯಿಂದಲಾ?" ಎಂದು ಭಾವ ಮುಖ ತಿರುಗಿಸಿದ. ಕೊನೆಗೆ ಅಕ್ಕ ರೇಗಿ, ತಟ್ಟೆ ಕಿತ್ತುಕೊಂಡು ಮಾದಪ್ಪನ ಪಟದ ಮುಂದೆ ಇಟ್ಟಳು. ಮಾದಪ್ಪನ ಎದುರು ಯಾರು ಮಾತಾಡುತ್ತಾರೆ? ಇಬ್ಬರೂ ಅಡ್ಡಬಿದ್ದರು.

ಬೀಗರು ಮೇಲೆದ್ದು ಮೊಣಕಾಲು ಒರೆಸಿಕೊಂಡು ಕೇಳಿದರು: "ಆಯ್ತು, ಮಾದಪ್ಪ ಆದ್ಮೇಲೆ ಯಾರು?"

೩. ಹುಟ್ಟಿದ ಊರು

ಮದುವೆಯ ದಿನ ಹನೂರಿನಲ್ಲಿ ಚಪ್ಪರ ತುಂಬಿತ್ತು. ಗಂಡಿನವರ ಕಾಲಿಗೆ ಕೊಟ್ಟ ನೀರು ತಣ್ಣಗಿತ್ತು ಎಂದು ಬೀಗರು ಮೂರು ಸಲ ಅಂದರು. ಭಾವನ ಬಾಯಿ ಜಾರಿತು: "ಕ್ಯಾತೆ ತೆಗೀಬ್ಯಾಡಿ ಬೀಗ್ರೇ."

ಬೀಗರ ಮೀಸೆ ನೆಟ್ಟಗಾಯಿತು. "ಕ್ಯಾತೆನಾ? ನಮ್ ಮೈಸೂರ್ ಸೀಮೇಲಿ ಆ ಮಾತೇ ಇಲ್ಲ. ಅದು ಹುಟ್ಟಿದ್ದು ನಿಮ್ ಮದ್ರಾಸ್ ಸೀಮೇಲಿ."

"ನಮ್ ತಾವ ಎಲ್ಲಿತ್ತು? ಮಾದಪ್ಪನ ಬೆಟ್ಟಕ್ಕೆ ಓಗ್ತಾ ನಿಮ್ಮೋರೇ ತಂದು ಇಲ್ಲಿ ಬಿಟ್ಟೋದ್ರು!"

"ಆ ಮಾತು ಎಲ್ಲಿ ಹುಟ್ತು ಅಂತ ತೀರ್ಮಾನ ಆಗ್ಲಿ. ಅಲ್ಲೀಗಂಟ ನನ್ ಮಗ ತಾಳಿ ಕಟ್ಟಕಿಲ್ಲ."

ಹುಡುಗ ತಾಳಿ ಹಿಡಿದವನು ಹಾಗೆಯೇ ಕೂತ. ಮುಹೂರ್ತ ಮೀರುತ್ತದೆ ಎಂದು ಅಯ್ನೋರು ಕೂಗಿಕೊಂಡರು. ಹುಡುಗಿಯ ಕಣ್ಣಲ್ಲಿ ನೀರು. ನಾನೇ ಎತ್ತಿ ಆಡಿಸಿದ ಮಗು ಅದು. ಅಕ್ಕ ನನ್ನ ರಟ್ಟೆ ಹಿಡಿದು, "ಓದ್ದೋನು ತಾನೇ ನೀನು? ಏನಾರ ಏಳೋ!" ಅಂದಳು.

ಆ ಪದ ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೂ ಪಾಠ ಹೇಳುವ ಗತ್ತಿನಲ್ಲಿ ಒಂದು ಬುರುಡೆ ಬಿಟ್ಟೆ: "ಅದು ಎರಡೂ ಸೀಮೆಯದಲ್ಲ. ಹಿಂದೆ ಯಾವುದೋ ದೂರದ ದೇಶದಿಂದ ಕುದುರೆ ವ್ಯಾಪಾರಿಗಳು ಬಂದಿದ್ದರು. ಪದವೂ ಅವರದೇ, ಕ್ಯಾತೆ ತೆಗೆಯುವುದನ್ನು ನಮ್ಮವರಿಗೆ ಕಲಿಸಿದವರೂ ಅವರೇ."

ಗೆದ್ದೆ ಅಂದುಕೊಂಡೆ.

"ಏನಂದ್ರಿ?" ಬೀಗರು ನನ್ನತ್ತ ತಿರುಗಿದರು. "ಕುದ್ರೆ ಮಾರೋರು ಬಂದು ನಮಗೆ ಕಲಿಸಿದ್ರಾ?"

ಭಾವ ಅವರ ಪಕ್ಕಕ್ಕೇ ಬಂದು ನಿಂತ. "ನಮ್ ತಾತ ಬೇಲಿ ಮ್ಯಾಲಿನ ಒಂದು ಅವರೆ ಬಳ್ಳಿಗೆ ಇಪ್ಪತ್ತು ವರ್ಷ ಕ್ಯಾತೆ ತೆಗ್ದೋನು ಕಣ್ಲಾ! ಯಾವ ಕುದ್ರೆ ವ್ಯಾಪಾರಿ ಏಳ್ಕೊಟ್ಟಿದ್ದ ಅವನ್ಗೆ?"

"ನಮ್ಮಪ್ಪ ತೀರ್ಕೊಳ್ಳೋ ದಿನಾನೂ ತೆಗ್ದ. ಇದು ನಮ್ ಎರಡೂ ಸೀಮೆ ಸೊತ್ತು!" ಎಂದು ಬೀಗರು ಭಾವನ ಹೆಗಲ ಮೇಲೆ ಕೈಹಾಕಿದರು.

ನಾನು ಅಯ್ನೋರಿಗೆ ಕಣ್ಣು ಮಿಟುಕಿಸಿದೆ. ಇವರಿಬ್ಬರೂ ಸೇರಿ ನನ್ನನ್ನು ಚಪ್ಪರದ ಕಂಬಕ್ಕೆ ಒತ್ತಿ ಬಯ್ಯುತ್ತಿದ್ದಾಗಲೇ ಗಟ್ಟಿಮೇಳ ಮೊಳಗಿತು, ಹುಡುಗ ತಾಳಿ ಕಟ್ಟಿದ. ಅಪ್ಪಂದಿರಿಬ್ಬರೂ ಬೆಚ್ಚಿ ತಿರುಗಿ ನೋಡಿ, ಕೈಲಿದ್ದ ಅಕ್ಷತೆಯನ್ನು ಅಲ್ಲಿಂದಲೇ ಎಸೆದರು.

ಆಮೇಲೆ ಬೀಗರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಭಾವನ ಕಿವಿಯಲ್ಲಿ ಇಡೀ ಚಪ್ಪರಕ್ಕೆ ಕೇಳುವಂತೆ ಪಿಸುಗುಟ್ಟಿದರು: "ಮದ್ವೆ ಮನೇಲೂ ಕ್ಯಾತೆ ತೆಗೀತಾರಲ್ಲ ಬೀಗ್ರೇ, ಯಾವೂರ್ನೋರು ಈ ಮೇಷ್ಟ್ರು?"