ಹತ್ತನೇ ನಂಬರಿನ ಸ್ಪ್ಯಾನರ್

ಹಲಗೆಯ ಮೇಲೆ ಹತ್ತನೇ ನಂಬರಿನ ಸ್ಪ್ಯಾನರ್ ಇರಲಿಲ್ಲ. ಅದರ ಆಕಾರಕ್ಕೆ ಎಳೆದ ಕೆಂಪು ಗೆರೆ ಮಾತ್ರ ಕನ್ನಡಕದಂಗಡಿಯವನನ್ನು ನೋಡಿ ಬೊಚ್ಚುಬಾಯಿ ತೆರೆದು ನಗುತ್ತಿತ್ತು.

ಬೇರೆ ಕಡೆಯಾದರೆ "ಎಲ್ಲೋ ಬಿದ್ದಿರುತ್ತೆ ಬಿಡು" ಎಂದು ಸುಮ್ಮನಾಗಬಹುದಿತ್ತು. ಇದು ವಿಮಾನದ ಶೆಡ್ಡು. ಇಲ್ಲಿ ಒಂದೊಂದು ಸಲಕರಣೆಗೂ ಹಲಗೆಯ ಮೇಲೆ ಅದರದೇ ಗೆರೆ, ಅದರದೇ ಮೊಳೆ. ಕೆಲಸ ಮುಗಿದಾಗ ಒಂದು ಮೊಳೆ ಖಾಲಿ ಉಳಿದರೂ ಆ ಸಲಕರಣೆ ವಿಮಾನದ ಹೊಟ್ಟೆಯೊಳಗಿದೆ ಎಂದೇ ಅರ್ಥ. ಅದು ಸಿಗುವವರೆಗೆ ವಿಮಾನ ನೆಲ ಬಿಡುವಂತಿಲ್ಲ.

ವಿಮಾನವೆಂದರೆ ನಲವತ್ತೆರಡು ವರ್ಷದ ಮೋಟಾರು ಗ್ಲೈಡರು. ಉದ್ದನೆಯ ಮರದ ರೆಕ್ಕೆ, ಬಟ್ಟೆ ಹೊದಿಸಿದ ಬಾಲ, ಮೇಲೇರುವುದಕ್ಕಷ್ಟೇ ಒಂದು ಪುಟ್ಟ ಎಂಜಿನ್ನು. ಆಮೇಲೆ ಅದನ್ನು ಆರಿಸಿ ಗಾಳಿಯಲ್ಲಿ ತೇಲಬೇಕು. ಕನ್ನಡಕದಂಗಡಿಯವ, ದರ್ಜಿ, ನಿವೃತ್ತ ಮೇಷ್ಟ್ರು ಮೂವರೂ ಸೇರಿ ಕೊಂಡದ್ದು. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ, ನೋಡಿ, ಮುಚ್ಚಿ, ಇನ್‌ಸ್ಪೆಕ್ಟರರ ರುಜು ಪಡೆಯಬೇಕು. ಹಳೆಯ ರುಜುವಿನ ಅವಧಿ ನಿನ್ನೆಗೇ ಮುಗಿದಿತ್ತು. ಇನ್‌ಸ್ಪೆಕ್ಟರರು ಇಂದು ನಾಲ್ಕಕ್ಕೆ ಬರುವವರಿದ್ದರು. ಐದಕ್ಕೆ ಕನ್ನಡಕದಂಗಡಿಯವ ತನ್ನ ಎಪ್ಪತ್ತೆಂಟು ವರ್ಷದ ಅಮ್ಮನನ್ನು ಕೂರಿಸಿಕೊಂಡು ಹಾರಬೇಕು. ಆರು ವರ್ಷದಿಂದ ಕೊಡುತ್ತಲೇ ಬಂದ ಮಾತು ಅದು. ಈ ಸಲವಂತೂ ಅಮ್ಮ ಬೀದಿಗೆಲ್ಲ ಡಂಗುರ ಸಾರಿಬಿಟ್ಟಿದ್ದರು.

"ಕೊನೇಲಿ ಯಾರ ಕೈಲಿತ್ತು?" ಮೇಷ್ಟ್ರು ಹಾಜರಿ ಕರೆಯುವ ದನಿಯಲ್ಲಿ ಕೇಳಿದರು.

"ನೆನಪಿಲ್ಲ ಮೇಷ್ಟ್ರೇ. ಹೋದ ವಾರ ಎಂಜಿನ್ ಮುಚ್ಚುವಾಗ ಇತ್ತು."

"ಊರಿಗೆಲ್ಲ ಕಣ್ಣು ಕೊಡೋನು ನೀನು. ನಿನ್ನ ಕಣ್ಣಿಗೇ ಒಂದು ಸ್ಪ್ಯಾನರ್ ಕಾಣಲ್ವಲ್ಲೋ!"

ಸೀಟು ಕಿತ್ತರು. ಎಂಜಿನ್ನಿನ ಮುಚ್ಚಳ ತೆಗೆದರು. ಬಾಲ ಹಿಡಿದು ಅಲ್ಲಾಡಿಸಿದಾಗ ಒಳಗೆ ಏನೋ 'ಕಟಕ್' ಎಂದಿತು. ಮೂವರ ಮುಖವೂ ಅರಳಿತು. ದರ್ಜಿ ಬಾಲದಡಿಯ ಬಟ್ಟೆ ಕತ್ತರಿಸಿ, ಭುಜದವರೆಗೂ ಕೈ ತೂರಿಸಿ, ಕಣ್ಣು ಮುಚ್ಚಿ ತಡಕಾಡಿದ. ಹೊರಗೆ ಬಂದದ್ದು ಮೂರು ವರ್ಷದ ಹಿಂದೆ ಕಳೆದುಹೋಗಿದ್ದ ಮೇಷ್ಟ್ರ ಕನ್ನಡಕ.

"ಅಯ್ಯೋ, ನಂದೇ ಇದು!" ಮೇಷ್ಟ್ರು ಒರೆಸಿ ಹಾಕಿಕೊಂಡೇ ಬಿಟ್ಟರು. "ನೀನು ಆಮೇಲೆ ಮಾಡಿಕೊಟ್ಟಿದ್ದಕ್ಕಿಂತ ಇದರಲ್ಲೇ ಚೆನ್ನಾಗಿ ಕಾಣುತ್ತೆ ಕಣೋ."

ಕನ್ನಡಕದಂಗಡಿಯವನಿಗೆ ಅಳು ಬರುವುದೊಂದು ಬಾಕಿ. ಸೀಟು, ಮುಚ್ಚಳ ಮತ್ತೆ ಕೂರಿಸಿ, ಬಾಲದ ಬಟ್ಟೆಯನ್ನು ದರ್ಜಿ ಹೊಲಿದು ತೇಪೆ ಹಚ್ಚುವಷ್ಟರಲ್ಲಿ ಗಂಟೆ ಎರಡೂವರೆಯಾಯಿತು.

"ಇನ್‌ಸ್ಪೆಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ" ಎಂದ ಕನ್ನಡಕದಂಗಡಿಯವ.

"ಹೇಳು. ಆಮೇಲೆ ನಿಮ್ಮಮ್ಮನಿಗೆ ಯಾರು ಹೇಳ್ತಾರೆ?" ಎಂದ ದರ್ಜಿ.

ಮೇಷ್ಟ್ರು ತೀರ್ಪು ಕೊಟ್ಟರು: "ಮೂಲೆ ಮೂಲೆ ಹುಡುಕಿದೀವಿ, ಒಳಗಂತೂ ಇಲ್ಲ. ಸೈಕಲ್ ಅಂಗಡಿಯಿಂದ ಒಂದು ಹತ್ತನೇ ನಂಬರ್ ತಂದು ನೇತುಹಾಕು. ಮುಗೀತು."

ತಂದ. ಹಳೆಯ ಸ್ಪ್ಯಾನರುಗಳ ನಡುವೆ ಅದು ಮದುಮಗನಂತೆ ಮಿನುಗತೊಡಗಿತು. ಮಣ್ಣಲ್ಲಿ ಹೊರಳಿಸಿ, ಎಂಜಿನ್ ಎಣ್ಣೆ ಬಳಿದು, ಮತ್ತೆ ಮಣ್ಣಿಗೆ ಹಾಕಿ ತಿಕ್ಕಿದರು. ಅದನ್ನು ಮೊಳೆಗೆ ಸಿಕ್ಕಿಸಿದ ಮೇಲೂ ಕನ್ನಡಕದಂಗಡಿಯವ ಇನ್ನೊಮ್ಮೆ ಎಂಜಿನ್ನಿನ ಮುಚ್ಚಳ ತೆಗೆದು ನೋಡಿದ. ಮೇಲೆ ಹೋದಾಗ ಏನಾದರೂ ಆದರೆ ಪಕ್ಕದ ಸೀಟಿನಲ್ಲಿ ಕೂತಿರುವವಳು ಹೆತ್ತ ತಾಯಿ.

ನಾಲ್ಕಕ್ಕೆ ಸರಿಯಾಗಿ ಇನ್‌ಸ್ಪೆಕ್ಟರರ ಪುಟ್ಟ ವಿಮಾನ ಬಂದಿಳಿಯಿತು. ಎರಡೇ ಸೀಟು, ಬಂದವರು ಒಬ್ಬರೇ. ತೆಳ್ಳಗಿನ ಮನುಷ್ಯ, ಅವಸರವೆಂಬುದೇ ಇಲ್ಲ. ರೆಕ್ಕೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ತಟ್ಟಿ ಕಿವಿಗೊಟ್ಟರು. ಎಂಜಿನ್ನು ಓಡಿಸಿ ನೋಡಿದರು. ತೇಪೆಯ ಮುಂದೆ ನಿಂತು "ಹೊಲಿಗೆ ಚೆನ್ನಾಗಿದೆ" ಎಂದರು, ದರ್ಜಿ ಉಬ್ಬಿಹೋದ. ಕೊನೆಗೆ ಹಲಗೆಯ ಸಲಕರಣೆಗಳನ್ನು ಒಂದೊಂದಾಗಿ ಎಣಿಸಿದರು. ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಇದ್ದವು. ಜೇಬಿನಿಂದ ಪೆನ್ನು ತೆಗೆದರು.

ಅಷ್ಟರಲ್ಲಿ ಬಾಗಿಲಿಗೆ ಬಾಡಿಗೆ ಕಾರು ಬಂತು. ಅಮ್ಮ ಇಳಿದರು. ಮೇಲೆ ಚಳಿಯೆಂದು ಎರಡು ಸ್ವೆಟರು, ತಲೆಗೆ ಬಿಗಿದು ಕಟ್ಟಿದ ಶಾಲು.

"ನಿನ್ನ ಮರೆವಿಗೆ ಏನು ಹೇಳಲೋ!" ಎನ್ನುತ್ತ ಕೈಚೀಲಕ್ಕೆ ಕೈ ಹಾಕಿದರು. "ಮೊನ್ನೆ ನನ್ನ ಮಂಚದ ನಟ್ಟು ಬಿಗಿ ಮಾಡಿ ಇದನ್ನ ದಿಂಬಿನ ಹತ್ರಾನೇ ಬಿಟ್ಟುಹೋಗಿದೀಯ. ಮೇಲೆ ಹೋದಾಗ ಏನಾದ್ರೂ ಸಡಿಲ ಆದ್ರೆ ಬೇಕಾಗುತ್ತೆ ಅಂತ ತಂದೆ."

ಹತ್ತನೇ ನಂಬರಿನ ಸ್ಪ್ಯಾನರ್.

ಇನ್‌ಸ್ಪೆಕ್ಟರರು ಪೆನ್ನಿನ ಕ್ಯಾಪು ಮುಚ್ಚಿದರು. ಅಮ್ಮನ ಕೈಯದನ್ನು ತೆಗೆದುಕೊಂಡು ಕೆಂಪು ಗೆರೆಗೆ ಹಿಡಿದರು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆಮೇಲೆ ಮೊಳೆಯಲ್ಲಿದ್ದದ್ದನ್ನು ತೆಗೆದು ಬೆರಳಿನಿಂದ ಉಜ್ಜಿದರು. ಮಣ್ಣು ಉದುರಿತು, ಮದುಮಗ ಹೊರಬಿದ್ದ.

"ಕಾಣ್ತಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಈಗ ಸಿಕ್ತಲ್ಲ, ರುಜು ಹಾಕಿ ಹೋಗ್ತಿದ್ದೆ. ಇನ್ನು ಉಳಿದ ಇಪ್ಪತ್ತೊಂದರಲ್ಲಿ ಯಾವುದು ನಿಜ, ಯಾವುದು ನಾಟಕ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಮೊದಲಿಂದ ಎಲ್ಲ ಬಿಚ್ಚಿ. ಮುಂದಿನ ತಿಂಗಳು ಬರ್ತೀನಿ."

ಮೇಷ್ಟ್ರು ಸಿಕ್ಕಿದ ಕನ್ನಡಕವನ್ನು ಶ್ರದ್ಧೆಯಿಂದ ಒರೆಸತೊಡಗಿದರು. ದರ್ಜಿ ದಾರ ಸುತ್ತುತ್ತಿದ್ದ.

"ಹಾಗಾದ್ರೆ ಇವತ್ತೂ ಇಲ್ವಾ?" ಅಮ್ಮ ಸಣ್ಣ ದನಿಯಲ್ಲಿ ಕೇಳಿದರು.

ಮಗ ಬಗ್ಗಿ ಸೀಟಿನ ನಟ್ಟು ಬಿಚ್ಚತೊಡಗಿದ. ಇನ್‌ಸ್ಪೆಕ್ಟರರು ಎರಡು ಸ್ವೆಟರುಗಳನ್ನು ನೋಡಿದರು, ಹೊರಗೆ ನಿಂತಿದ್ದ ತಮ್ಮ ವಿಮಾನವನ್ನು ನೋಡಿದರು. "ನನ್ನ ಪಕ್ಕದ ಸೀಟು ಖಾಲಿ ಇದೆ ಅಮ್ಮಾ. ಬರ್ತೀರಾ?"

ಐದು ಗಂಟೆಗೆ ಸರಿಯಾಗಿ ಅಮ್ಮ ಹಾರಿದರು. ಐದೂವರೆಗೆ ಇಳಿದಾಗ ಅವರ ಮುಖ ಹೊಳೆಯುತ್ತಿತ್ತು.

"ನಮ್ಮ ತಾರಸಿ ಕಾಣ್ತು ಕಣೋ. ನೀನೂ ಕಂಡೆ, ಬಾಗಿಲಲ್ಲಿ ಆ ಸೀಟು ಹೊತ್ಕೊಂಡು ನಿಂತಿದ್ದೆ. ಅವರ ವಿಮಾನ ಎಷ್ಟು ಚೊಕ್ಕಟ ಗೊತ್ತಾ?" ಎಂದು ಕಾರು ಹತ್ತಿದವರು ಏನೋ ನೆನಪಾಗಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಮಂಚ ಇನ್ನೂ ಅಲ್ಲಾಡ್ತಾ ಇದೆ. ಮನೆಗೆ ಬರುವಾಗ ಆ ಸ್ಪ್ಯಾನರ್ ತಗೊಂಡು ಬಾ."